ಸಾಮಾನ್ಯ ಉಡುಪು

"ಚಡ್ಡಿಗೂ ತೆರಿಗೆ ವಿನಾಯಿತಿ ಬೇಕೇನೋ ನಿಂಗೆ? ನಾಳೆ ಬನಿಯನ್ನಿಗೂ ಕೇಳ್ತೀಯ, ನಾಡಿದ್ದು ನಿನ್ನ ಹೆಂಡ್ತಿ ಲಂಗಕ್ಕೂ ಕೇಳ್ತೀಯ."

ತೆರಿಗೆ ಸಾಹೇಬರು ಈಜುಚಡ್ಡಿಯ ರಸೀದಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ತೋರಿಸಿದರು. ಗುಮಾಸ್ತರೆಲ್ಲ ನಕ್ಕರು. ಸಾಹೇಬರು ನಕ್ಕಾಗ ನಗದಿದ್ದರೆ ಅವರಿಗೆ ರಜೆ ಮಂಜೂರಾಗುವುದಿಲ್ಲ. ಈಜು ಮೇಷ್ಟ್ರು ಮಾತ್ರ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

ಮೇಷ್ಟ್ರು ಅನ್ನುವುದು ಬರೀ ಹೆಸರಿಗೆ. ಬೇಸಿಗೆಯಲ್ಲಿ ಕ್ಲಬ್ಬಿನ ಕೊಳಕ್ಕಿಳಿದು ಉಳ್ಳವರ ಮಕ್ಕಳಿಗೆ ಈಜು ಕಲಿಸುತ್ತಾನೆ, ಉಳಿದ ತಿಂಗಳು ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಕೊಳದ ಔಷಧಿ ನೀರು ಒಂದೇ ಬೇಸಿಗೆಯಲ್ಲಿ ಚಡ್ಡಿಯನ್ನು ತಿಂದುಹಾಕುತ್ತದೆ. ಹೊಸದನ್ನು ಕ್ಲಬ್ಬಿನ ಅಂಗಡಿಯಲ್ಲೇ, ಅವರು ಹೇಳಿದ ಬೆಲೆಗೇ ಕೊಳ್ಳಬೇಕು. ಕನ್ನಡಕ, ಟೋಪಿ, ಕಾಲಿಗೆ ಕಟ್ಟುವ ರಬ್ಬರ್ ರೆಕ್ಕೆಯೂ ಅಲ್ಲಿಯದೇ ಆಗಬೇಕು. ಹೋದ ಬೇಸಿಗೆಯ ಕೊನೆಗೆ ಅವನ ಚಡ್ಡಿ ಹಿಂದುಗಡೆ ಜಾಲರಿಯಾಗಿಬಿಟ್ಟಿತ್ತು. ಕ್ಲಬ್ಬಿನ ಮಾಲೀಕ ಅದನ್ನು ಮಕ್ಕಳ ತಾಯಂದಿರಿಗೆಲ್ಲ ಕೇಳುವಂತೆ ಎತ್ತಿ ಆಡಿ, ಮುಂದಿನ ಸಲ ಎಲ್ಲ ಹೊಸದು ಕೊಳ್ಳದಿದ್ದರೆ ಗೇಟಿನೊಳಗೆ ಕಾಲಿಡಬೇಡ ಅಂದಿದ್ದ. ಸಂಬಳದಲ್ಲಿ ತೆರಿಗೆಯೆಂದು ಹಿಡಿದದ್ದು ವಾಪಸ್ ಬಂದರೆ ಅದರಲ್ಲಿ ಹೊಸ ಸಾಮಾನು ಕೊಳ್ಳುವುದು, ಬರದಿದ್ದರೆ ಬೇಸಿಗೆಯಲ್ಲೂ ಮೂಟೆ. ಹೋದ ಬೇಸಿಗೆಗೆ ಕೊಂಡ ಸಾಮಾನೆಲ್ಲ ಕೆಲಸದ ಖರ್ಚೇ ಅಂತ ಸಾಹೇಬರು ಒಪ್ಪಿದರೆ ಮಾತ್ರ ಅದು ವಾಪಸ್ ಬರುತ್ತಿತ್ತು.

ಆ ಮಾಲೀಕನೂ ಅದೇ ಹೊತ್ತಿಗೆ ಸಾಹೇಬರ ಎದುರು ಕಾಲಮೇಲೆ ಕಾಲು ಹಾಕಿ ಕಾಫಿ ಹೀರುತ್ತಿದ್ದ. ಅವನ ಲೆಕ್ಕಕ್ಕೆ ಆಗಷ್ಟೇ ಸಹಿ ಬಿದ್ದಿತ್ತು. ಮಗಳ ಕಾರು ಕ್ಲಬ್ಬಿನ ಖರ್ಚು, ಮನೆಯ ಹುಲ್ಲುಹಾಸು ಕ್ಲಬ್ಬಿನ ಖರ್ಚು, ಮನೆ ನಾಯಿ ಕ್ಲಬ್ಬಿನ ಕಾವಲು ಸಿಬ್ಬಂದಿ. ಆ ನಾಯಿಯನ್ನು ಮೇಷ್ಟ್ರು ಬಲ್ಲ. ಕಳ್ಳ ಬಂದರೆ ಬಾಲ ಅಲ್ಲಾಡಿಸಿ ದಾರಿ ತೋರಿಸುವ ಜಾತಿ.

"ನೀವಾದ್ರೂ ಒಂದು ಮಾತು ಹೇಳಿ ಧಣಿ. ಇದಿಲ್ದೆ ನೀರಿಗೆ ಇಳಿಯೋಕೆ ಬಿಡ್ತೀರಾ ನನ್ನ?"

ಮಾಲೀಕ ಕಪ್ಪು ಕೆಳಗಿಡಲಿಲ್ಲ. "ನಿನ್ನ ಮಾನ ಮುಚ್ಕೊಳ್ಳೋಕೆ ನೀನು ತಗೊಂಡೆ. ಅದಕ್ಕೆ ನನ್ನ ಯಾಕೋ ಎಳೀತೀಯ?"

ಸಾಹೇಬರು ಮೇಜು ಕುಟ್ಟಿ ನಕ್ಕರು. ನಗು ಮುಗಿದ ಮೇಲೆ ಮೇಷ್ಟ್ರ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದರು: ಸಾಮಾನ್ಯ ಉಡುಪು, ಎಲ್ಲೆಂದರಲ್ಲಿ ಧರಿಸಿ ಓಡಾಡಬಹುದಾದದ್ದು, ತಿರಸ್ಕರಿಸಿದೆ. ಕನ್ನಡಕ, ಟೋಪಿಗಳೂ ಅದರಲ್ಲೇ ಬಂದವು. ತಕರಾರಿದ್ದರೆ ನಾಳೆಯೊಳಗೆ ಹೇಳಬೇಕೆಂದು ಗುಮಾಸ್ತ ಕಾಗದವನ್ನು ಅವನ ಕಡೆ ಎಸೆದ.

ಮನೆಯಲ್ಲಿ ಹೆಂಡತಿ ಎರಡು ಸಲ ಓದಿಸಿ ಕೇಳಿದಳು. ಅವಳು ಅಳುವ ಪೈಕಿ ಅಲ್ಲ. ಅದೇ ಜಾಲರಿ ಚಡ್ಡಿಗೆ ಹಳೇ ಛತ್ರಿಯ ಬಟ್ಟೆ ಇಟ್ಟು ತೇಪೆ ಹಾಕಿ ಬೇಸಿಗೆಯ ಕೊನೆಯ ದಿನಗಳನ್ನು ದಾಟಿಸಿದವಳು ಅವಳೇ. ನೀನು ಅವರಿಗೆ ಏನು ಹೇಳಿದೆ ಅಂತ ಕೇಳಿದಳು. ಏನೂ ಹೇಳಲಿಲ್ಲ ಅಂದ.

"ಮೂಟೆ ಹೊತ್ತು ಹೊತ್ತು ನಾಲಿಗೆನೂ ಬಿದ್ದುಹೋಯ್ತಾ ನಿಂಗೆ? ಎಲ್ಲಿ ಬೇಕಾದ್ರೂ ಹಾಕ್ಕೊಂಡು ಓಡಾಡಬಹುದು ಅಂತ ಬರೆದಿದಾನಲ್ಲ ಆ ಬೋಳಿಮಗ. ಓಡಾಡಿ ತೋರಿಸು."

ಅವಳು ಉರಿಗೆ ಆಡಿದ ಮಾತು ಅದು. ಅವನಿಗೆ ಮಾತ್ರ ಅದು ತಲೆಯೊಳಗೆ ಕೂತುಬಿಟ್ಟಿತು.

ಮಾರನೆಯ ಬೆಳಿಗ್ಗೆ ಕಚೇರಿಯ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಮೇಷ್ಟ್ರು ಸಾಲಿನಲ್ಲಿ ನಿಂತು ಅಂಗಿ ಬಿಚ್ಚಿದ, ಪ್ಯಾಂಟು ಬಿಚ್ಚಿದ, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ಒಳಗೆ ಈಜುಚಡ್ಡಿ, ಹಿಂದೆ ಛತ್ರಿಯ ತೇಪೆ. ಮಡಿಸಿದ ಪ್ಯಾಂಟಿನ ಜೇಬಿನಿಂದ ರಬ್ಬರ್ ಟೋಪಿ ತೆಗೆದು ತಲೆಗೆ ಎಳೆದುಕೊಂಡು, ಕನ್ನಡಕವನ್ನು ಹಣೆಗೇರಿಸಿದ. ಮುಂದಿದ್ದ ಹೆಂಗಸು ಸೆರಗು ಬಾಯಿಗಿಟ್ಟು ಪಕ್ಕಕ್ಕೆ ಸರಿದಳು. ನಾಚಿಕೆಯಿಂದ ಅವನಿಗೆ ಕಿವಿ ಸುಡುತ್ತಿತ್ತು. ಆದರೂ ನಿಂತ.

ಕಾವಲುಗಾರ ಓಡಿಬಂದ. "ಏಯ್, ಬಟ್ಟೆ ಹಾಕ್ಕೊಳೋ."

"ಹಾಕ್ಕೊಂಡೇ ಇದೀನಲ್ಲ ಅಣ್ಣ."

ಗದ್ದಲಕ್ಕೆ ಸಾಹೇಬರೇ ಕೋಣೆಯಿಂದ ಹೊರಗೆ ಬಂದರು. ಅವನನ್ನು ಕಂಡದ್ದೇ ಮುಖ ಕೆಂಡವಾಯಿತು. "ನಾಯಿ ನನ್ಮಗನೆ, ಇದೇನು ನಿಮ್ಮಪ್ಪನ ಕೊಳ ಅನ್ಕೊಂಡ್ಯಾ? ಇಂಥದ್ದನ್ನ ಹಾಕ್ಕೊಂಡು ಯಾವನಾದ್ರೂ ಬೀದೀಲಿ ಓಡಾಡ್ತಾನೇನೋ?"

ಮೇಷ್ಟ್ರು ಕೆಂಪು ಶಾಯಿಯ ಕಾಗದ ಮುಂದಕ್ಕೆ ಹಿಡಿದ. "ಯಾರೂ ಓಡಾಡಲ್ಲ ಸ್ವಾಮಿ. ಅದನ್ನೇ ಇದರ ಮೇಲೆ ಬರೆದುಕೊಡಿ. ನಾನು ಪ್ಯಾಂಟು ಹಾಕ್ಕೊಂಡು ಹೋಗ್ತೀನಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಹಿಂದಕ್ಕೆ ಹರಿದು ಬಾಗಿಲಾಚೆಗೂ ಹೋಯಿತು. ಸಾಹೇಬರು ಫೋನು ಕೈಗೆತ್ತಿಕೊಂಡು, ಪೊಲೀಸರನ್ನು ಕರೆಸಿ ಒಳಗೆ ಹಾಕಿಸುತ್ತೇನೆ ಅಂದರು.

"ಕರೀರಿ. ಯಾಕೆ ಹಿಡಿದ್ವಿ ಅಂತ ಅವರು ಬರೀಲೇಬೇಕು. ಇದು ನಾಲ್ಕು ಜನರ ಮುಂದೆ ಹಾಕ್ಕೊಳ್ಳೋ ಬಟ್ಟೆ ಅಲ್ಲ ಅಂತ ಅವರು ಬರೆದ್ರೂ ಸಾಕು ನಂಗೆ."

ಸಾಹೇಬರ ಬೆರಳು ಫೋನಿನ ಮೇಲೆ ನಿಂತೇ ಇತ್ತು, ಒತ್ತಲಿಲ್ಲ. ಕಾವಲುಗಾರ ಹಿಡಿಯಬೇಕೋ ಬಿಡಬೇಕೋ ತಿಳಿಯದೆ ಅವರ ಮುಖ ನೋಡಿದ. ಮೇಷ್ಟ್ರು ಕಚೇರಿಯ ತಣ್ಣನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕಾಗದ ಹಿಡಿದ ಕೈಯನ್ನು ಅವನು ಕೆಳಗಿಳಿಸಲಿಲ್ಲ.