ಮಗುವಿಗಿಟ್ಟ ಹೆಸರು

"ಮತ್ತೆ ಕೇಳ್ತಿದ್ದೀನಿ, ಈ ಹೆಸರು ನಿಮಗೆ ಎಲ್ಲಿ ಸಿಕ್ತು?"

ಎಲೆಕ್ಟ್ರಿಷಿಯನ್ ಗಂಡ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡ. "ಚೆನ್ನಾಗಿದೆ ಅಂತ ಇಟ್ಟೆ ಕಣೇ. ಅದಕ್ಕೂ ರಸೀದಿ ತೋರಿಸ್ಬೇಕಾ?" ಎಂದವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಅವಳಿಗೆ ಮೈಯೆಲ್ಲ ಉರಿಯಿತು. ತಾನು ಆರಿಸಿಟ್ಟಿದ್ದ ಹನ್ನೊಂದು ಹೆಸರಿಗೂ ಬೇಡವೆಂದವನು, ಹೆರಿಗೆಯಾದ ಮೂರನೆಯ ದಿನ ಇದೊಂದನ್ನು ಹಿಡಿದುಕೊಂಡು ಬಂದಿದ್ದ. ಹಳೇ ಕಾಲದ ಹೆಸರು. ಅವಳಿಗೆ ಗೊತ್ತಿದ್ದ ಹಾಗೆ ಅದು ಊರಲ್ಲಿ ಇಬ್ಬರಿಗೇ ಇತ್ತು. ಒಬ್ಬರು ಹಲ್ಲೆಲ್ಲ ಉದುರಿದ ಹೆಡ್‌ಮಿಸ್ಸು. ಇನ್ನೊಬ್ಬಳು ಔಷಧಿ ಅಂಗಡಿಯವಳು. ಅವಳಿಗೆ ಹಲ್ಲೂ ಇತ್ತು, ನಗುವೂ ಇತ್ತು. ಆ ಅಂಗಡಿಯ ಫ್ಯಾನು ಈ ತಿಂಗಳಲ್ಲೇ ಎರಡು ಸಲ ಕೆಟ್ಟಿತ್ತು, ರಿಪೇರಿಗೆ ಹೋಗಿದ್ದವನು ಇವನೇ.

ನಿನ್ನೆ ಬೇಕೆಂದೇ ಕೆಮ್ಮಿನ ಔಷಧಿಗೆ ಹೋಗಿ, "ನಮ್ಮ ಮಗಳಿಗೂ ನಿಮ್ಮದೇ ಹೆಸರು" ಎಂದು ಅವಳ ಮುಖವನ್ನೇ ನೋಡಿದ್ದಳು.

"ಅಯ್ಯೋ ಪಾಪ! ಈ ಹೆಸರಿಟ್ಟಿದ್ದಕ್ಕೆ ನಮ್ಮಪ್ಪನ ಹತ್ರ ಇವತ್ತಿಗೂ ಜಗಳ ಆಡ್ತೀನಿ."

ನಾಟಕ ಚೆನ್ನಾಗಿ ಬರುತ್ತೆ ಇವಳಿಗೆ, ಎಂದುಕೊಂಡೇ ಮನೆಗೆ ಬಂದಿದ್ದಳು.

ಈಗ ಮಗು ರಚ್ಚೆ ಹಿಡಿದಿತ್ತು. ಗಂಡನ ಮೇಲಿನ ಸಿಟ್ಟೆಲ್ಲ ಸೇರಿಸಿ, ಅದರ ಹೆಸರನ್ನು ಗಟ್ಟಿಯಾಗಿ ಕೂಗಿ ಗದರಿದಳು.

"ಹ್ಞಾಂ, ಬಂದೆ!"

ಹಿತ್ತಲಿನಿಂದ ಅತ್ತೆಯ ದನಿ.

ಮಗುವನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಒಗೆಯುವ ಕಲ್ಲಿನ ಪಕ್ಕ ಅತ್ತೆ, ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

"ನಿಮ್ಮನ್ನ ಎಲ್ಲರೂ ಪುಟ್ಟಿ ಅಂತಾರಲ್ಲ ಅತ್ತೆ?"

"ಒಂಬತ್ತು ವರ್ಷಕ್ಕೆ ಒಂದು ದೊಡ್ಡ ಮನೇಲಿ ಕೆಲಸಕ್ಕೆ ಬಿಟ್ರು. ಆ ಮನೆ ಮಗಳದ್ದೂ ಇದೇ ಹೆಸರು. ಕೂಗಿದ್ರೆ ಇಬ್ಬರೂ ಓಡಿ ಬರ್ತಿದ್ವಿ, ಅದಕ್ಕೇ ನನ್ನನ್ನ ಪುಟ್ಟಿ ಮಾಡಿದ್ರು. ನಿನ್ನ ಮಾವ ಮದುವೆ ಆಗಿದ್ದೂ ಪುಟ್ಟೀನೇ." ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದರು. "ಆಸ್ಪತ್ರೇಲಿ ಮಗೂನ ನೋಡಿದಾಗ ನಿನ್ನ ಗಂಡನ ಹತ್ರ ಬಾಯಿ ತಪ್ಪಿ ಹೇಳಿಬಿಟ್ಟೆ. ಯಾರಿಗೂ ಹೇಳ್ಬೇಡ, ನಗ್ತಾರೆ ಅಂತ ಆಣೆ ಹಾಕಿಸ್ಕೊಂಡಿದ್ದೆ. ಬೇಡ ಅನಿಸಿದ್ರೆ ಬದಲಾಯಿಸಮ್ಮ. ಮಗು ನಿನ್ನದು."

ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಗೆಯುವ ಕಲ್ಲಿನ ಹತ್ತಿರ ಬಂದಳು.

"ಬರೆಯೋಕೆ ಬರುತ್ತಾ ಅತ್ತೆ, ನಿಮ್ಮ ಹೆಸರು?"

"ಎರಡನೇ ಕ್ಲಾಸಲ್ಲಿ ಬರ್ತಿತ್ತು."

ಅತ್ತೆ ಬಕೆಟ್ಟಿನ ನೀರಿಗೆ ಬೆರಳದ್ದಿ, ಬಿಸಿಲು ಬಿದ್ದ ಗೋಡೆಯ ಮೇಲೆ ಬರೆಯತೊಡಗಿದರು. ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಆರುತ್ತಿತ್ತು. ಮತ್ತೆ ಬೆರಳದ್ದಿದರು.