ಮುಚ್ಚಿದ ಬದು, ಮುಳುಗಿದ ಬೇರು

ತಿಳಿದವರು ಹೇಳಬೇಕಾದ ಮಾತನ್ನು ನಾನು ಹೇಳಹೊರಟಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಬಟ್ಟೆ ಹೊಲಿಯುವವಳು, ಓದಿದ್ದು ಸಂಜೆ ಶಾಲೆಯಲ್ಲಿ, ಅದೂ ಅಷ್ಟಕ್ಕಷ್ಟೆ. ಆದರೆ ಪಕ್ಕದ ಮನೆಯ ಸೊಸೆಯ ಮೇಲೆ ಬಂದ ಅಪವಾದವನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ.

ಅವಳ ಮಾವನನ್ನು ಎಲ್ಲರೂ ಬದುವಿನಜ್ಜ ಎಂದೇ ಕರೆಯುತ್ತಾರೆ. ಮಳೆ ಕಡಿಮೆಯಿದ್ದ ಕಾಲದಲ್ಲಿ ಬೇಸಾಯ ಮಾಡಿದವರು. ಮಳೆಗಾಲಕ್ಕೆ ಮುಂಚೆ, ಹೊಲದ ಸುತ್ತಲಿನ ಬದುವಿನಲ್ಲಿ ನೀರು ಹೊರಹೋಗುವ ಬಾಯಿಗಳನ್ನೆಲ್ಲ ಮಣ್ಣು ಮೆತ್ತಿ ಮುಚ್ಚುವುದು ಅವರ ಪದ್ಧತಿ. ತಮ್ಮ ಹೊಲದ ನೀರು ಪಕ್ಕದವನ ಹೊಲದ ಮುಖ ನೋಡಿಲ್ಲ ಎಂದು ಮೀಸೆ ತಿರುವುತ್ತಿದ್ದರು. ಆಗ ಅದು ಸರಿಯೇ ಆಗಿತ್ತು. ಈಗ ಮಳೆ ಹಾಗಿಲ್ಲ. ತಿಂಗಳಿಡೀ ಬರಬೇಕಾದದ್ದು ಒಂದೆರಡು ದಿನದಲ್ಲೇ ಸುರಿದುಬಿಡುತ್ತದೆ. ಬದುವಿನ ಬಾಯಿ ಮಾತ್ರ ಮುಚ್ಚಿಯೇ ಇರುತ್ತದೆ.

ತಗ್ಗಿನ ಹೊಲವನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು ಸೊಸೆ. ಪ್ರತಿ ವರ್ಷವೂ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಯಿತು. ಅಜ್ಜ ಅವಳ ಕೈಗುಣ ಸರಿಯಿಲ್ಲ ಎಂದರು. ಕಳೆ ತೆಗೆಯಲು ಸೋಮಾರಿತನ ಎಂದು ಅತ್ತೆ ಸೇರಿಸಿದರು. ಗೊಬ್ಬರದ ಅಂಗಡಿಯವನಂತೂ ಹೊಲ ನೋಡದೆ, ಒಂದು ಮಾತೂ ಕೇಳದೆ, ಇನ್ನೊಂದು ಚೀಲ ಯೂರಿಯಾ ಹೊರಿಸಿ ಕಳಿಸಿದ. ಕೆಸರಿಗೆ ಸುರಿದ ಯೂರಿಯಾ ಎಲ್ಲಿಗೆ ಹೋಯಿತೋ, ಗಿಡಕ್ಕಂತೂ ಹೋಗಲಿಲ್ಲ. ಮಳೆಯಲ್ಲಿ ನೆನೆದು ಕಳೆ ಕಿತ್ತ ಅವಳ ಕಾಲ್ಬೆರಳ ಸಂದುಗಳು ಕೊಳೆತು ಬೆಳ್ಳಗಾಗಿದ್ದವು. ಅದನ್ನು ಯಾರೂ ನೋಡಲಿಲ್ಲ. ಹಳದಿ ಎಲೆ ಮಾತ್ರ ಎಲ್ಲರಿಗೂ ಕಂಡಿತು.

ಕೊನೆಗೆ ಅಜ್ಜ ಆ ಹೊಲದ ಮೇಲ್ಮಣ್ಣನ್ನು ಇಟ್ಟಿಗೆ ಭಟ್ಟಿಯವನಿಗೆ ಕೊಡುವುದೆಂದು ತೀರ್ಮಾನಿಸಿದರು. ಮೇಲ್ಮಣ್ಣು ಒಮ್ಮೆ ಹೋದರೆ ಮಕ್ಕಳ ಕಾಲಕ್ಕೂ ಅಲ್ಲಿ ಸರಿಯಾಗಿ ಬೆಳೆ ಬಾರದು. ಸೊಸೆ ಬೇಡವೆಂದು ಅತ್ತಳು. ಬೆಳೆ ಕೆಡಿಸಿದವಳೆಂದು ಹೆಸರು ಬಂದಮೇಲೆ ಅವಳ ಮಾತು ಯಾರು ಕೇಳುತ್ತಾರೆ?

ಭಟ್ಟಿಯವನು ಬರುವ ಹಿಂದಿನ ದಿನ ಸೊಸೆಯ ಅಕ್ಕ ಬಂದಳು. ಅವಳನ್ನು ಕೊಟ್ಟಿರುವುದು ಹೊಳೆದಂಡೆಯ ಊರಿಗೆ. ಅಲ್ಲಿಯವರದು ತೇವದ ನೆಲದ ಬೇಸಾಯ. ತಂಗಿಯ ಕಥೆ ಕೇಳಿ, ಕೊಟ್ಟ ಚಹಾ ಮುಟ್ಟದೆ ಹೊಲಕ್ಕೆ ನಡೆದಳು. ಹಿಂದೆಯೇ ಅಜ್ಜ ಹೋದರು, ನಾನೂ ಹೋದೆ.

"ಏನಮ್ಮ, ನಮಗೆ ಬೇಸಾಯ ಕಲಿಸೋಕೆ ಬಂದ್ಯಾ?" ಎಂದರು ಅಜ್ಜ.

"ಇಲ್ಲ ಮಾವ. ನಾವು ಮುಳುಗಿ ಎದ್ದವರು. ನೀವೀಗ ಮುಳುಗ್ತಾ ಇದ್ದೀರಿ. ಒಂದು ಗಿಡ ಕಿತ್ತು ಮೂಸಿ ನೋಡಿ."

ಅಜ್ಜ ಕಿತ್ತರು. ಬೇರು ಕಪ್ಪಾಗಿತ್ತು. ಬಚ್ಚಲ ಗುಂಡಿಯ ವಾಸನೆಗೆ ಮುಖ ತಿರುಗಿಸಿದರು.

"ಇದಕ್ಕೆ ಹಸಿವಲ್ಲ ಮಾವ, ಉಸಿರು ಕಟ್ಟಿದೆ. ಬೇರಿಗೂ ಗಾಳಿ ಬೇಕು. ಉಸಿರು ಕಟ್ಟಿದವನ ಬಾಯಿಗೆ ಅನ್ನ ತುರುಕಿದ ಹಾಗೆ ಗೊಬ್ಬರ ಹಾಕಿದ್ದೀರಿ."

"ನೀರೆಲ್ಲಿದೆ? ಮೇಲೆ ಆರಿದೆಯಲ್ಲ."

ಅಕ್ಕ ವಾದ ಮಾಡಲಿಲ್ಲ. ಮೊಣಕೈ ಆಳದ ಗುಂಡಿ ತೋಡಿ, ಬೆಳಿಗ್ಗೆ ನೋಡೋಣ ಎಂದಳು. ರಾತ್ರಿ ಮಳೆ ಬೀಳಲಿಲ್ಲ. ಆದರೂ ಬೆಳಿಗ್ಗೆ ಗುಂಡಿಯ ಅಂಚಿನಿಂದ ನಾಲ್ಕು ಬೆರಳು ಕೆಳಗೆ ನೀರು ನಿಂತಿತ್ತು. ಅದರಲ್ಲೊಂದು ಕಪ್ಪೆ.

"ಜೋಳಕ್ಕೆ ನನ್ನ ಕೈಗುಣ ಸರಿಯಿಲ್ಲ ಮಾವ, ಕಪ್ಪೆ ಸಾಕೋಕೆ ಚೆನ್ನಾಗಿದೆ" ಎಂದಳು ಸೊಸೆ. ಈ ಸಲ ಅವಳು ತಲೆ ತಗ್ಗಿಸಿರಲಿಲ್ಲ.

ಬದುವಿನ ಬಾಯಿ ತೆರೆದು ನೀರು ಬಿಡಿ ಎಂದಳು ಅಕ್ಕ. ನೀರು ಬಿಟ್ಟ ಮೇಲೆ ಮಳೆ ಕೈಕೊಟ್ಟರೆ ಏನು ಗತಿ ಎಂದು ಅಜ್ಜ ಕೇಳಿದರು. ಅದು ಕೇಳಬೇಕಾದ ಪ್ರಶ್ನೆಯೇ. ಎತ್ತರದ ಹೊಲದಲ್ಲಿ ನೀರು ಹಿಡಿಯಿರಿ, ತಗ್ಗಿನಲ್ಲಿ ಹರಿಯಬಿಡಿ ಎಂದಳು ಅಕ್ಕ. ಪಕ್ಕದವರ ಬೆಳೆಯ ಮೇಲೆ ನುಗ್ಗಿಸಬೇಡಿ ಎಂದೂ ಹೇಳಿದಳು. ಕೆಳಗಿನ ಹೊಲದವರನ್ನು ಕರೆದು ಮಾತಾಡಿ, ಎರಡೂ ಮನೆಯವರು ಸೇರಿ ಬದುವಿನ ಗುಂಟ ಹಳ್ಳದವರೆಗೆ ಬಸಿಗಾಲುವೆ ತೋಡುವುದೆಂದಾಯಿತು.

ಮಧ್ಯಾಹ್ನ ಭಟ್ಟಿಯವನು ಬಂದ. "ಮಣ್ಣು ಕೊಡೋದಿಲ್ಲಪ್ಪ. ತಪ್ಪು ಮಣ್ಣಿನದಲ್ಲ" ಎಂದರು ಅಜ್ಜ. ಸೊಸೆಯದೂ ಅಲ್ಲ ಎಂದು ಅವರು ಹೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೆ ಕಾಲುವೆ ಮುಗಿದ ದಿನ, ಬದುವಿನ ಬಾಯಿ ಕಡಿಯಲು ಗುದ್ದಲಿಯನ್ನು ಅವಳ ಕೈಗೇ ಕೊಟ್ಟರು.

ಆ ವರ್ಷ ಹೊಲದ ಕೆಳಗಿನ ಅರ್ಧದ ಬೆಳೆ ಉಳಿಯಲಿಲ್ಲ. ಮೇಲಿನ ಅರ್ಧ, ಮಣ್ಣು ಆರಿದ ಮೇಲೆ ಸ್ವಲ್ಪವೇ ಗೊಬ್ಬರ ಕೊಟ್ಟಾಗ ಹಸಿರಾಯಿತು. ಮುಂದಿನ ಬಿತ್ತನೆಗೆ ಎತ್ತರದ ಮಡಿ ಮಾಡಿ ಮೆಕ್ಕೆಜೋಳ ಹಾಕಿದರು. ತೀರಾ ತಗ್ಗಿನ ಮೂಲೆಗೆ ತೇವ ತಡೆಯುವ ಕೆಸು ಹಾಕಿದರು. ಎರಡೂ ಬಂದವು. ಹೊಲ ಈಗಲೂ ಸೊಸೆಯ ಕೈಯಲ್ಲಿದೆ.

ಓದುವವರೇ, ಕೇಳುವವರೇ, ಎಲೆ ಹಳದಿಯಾದರೆ ಅಂಗಡಿಗೆ ಓಡುವ ಮುಂಚೆ, ಮನೆಯ ಹೆಣ್ಣುಮಕ್ಕಳನ್ನು ಬೈಯುವ ಮುಂಚೆ, ಒಂದು ಗಿಡ ಕಿತ್ತು ಬೇರು ನೋಡಿ. ಒಂದು ಗುಂಡಿ ತೋಡಿ. ಹಸಿ ಮಣ್ಣನ್ನು ಉಳಬೇಡಿ, ತುಳಿದು ಗಟ್ಟಿ ಮಾಡಬೇಡಿ. ನೀರಿಗೆ ದಾರಿ ಬಿಡಿ, ನೆರೆಯವರನ್ನು ಕೇಳಿ ಬಿಡಿ. ನಿಮ್ಮ ತಗ್ಗಿಗೆ ಯಾವ ಬೆಳೆ, ಯಾವ ತಳಿ ತಡೆಯುತ್ತದೆಂದು ಕೃಷಿ ಕಚೇರಿಯಲ್ಲಿ ವಿಚಾರಿಸಿ.

ಇದಕ್ಕಿಂತ ಜೋರಾದ ಮಳೆ ಬಂದರೆ ಆ ಮಡಿಗಳ ಎತ್ತರ ಸಾಕಾಗುತ್ತದೆಯೇ? ಅಕ್ಕನನ್ನೂ ಕೇಳಿದೆ. ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.