ವರ್ನಾ ಮನೆಯ ನೀರುಹಾಲು

ವರ್ನಾ ಸ್ಟಕಿಯ ಮನೆಯ ತಪಾಸಣೆ ನನ್ನ ಪಾಲಿಗೆ ಬಂದ ದಿನ ಕಾರಿನಲ್ಲಿ ಒಬ್ಬಳೇ ಕೂತು ನಕ್ಕೆ. ಒಂಬತ್ತು ವರ್ಷ ಕಾದಿದ್ದೆ.

ನೆಬ್ರಾಸ್ಕದ ನಮ್ಮ ಸಣ್ಣ ಊರಿನಲ್ಲಿ ವರ್ನಾ ತನ್ನ ಮನೆಯಲ್ಲೇ ಪರರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಆ ಮಕ್ಕಳ ಊಟಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಊಟ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಒಂಬತ್ತು ವರ್ಷದ ಹಿಂದೆ ನಾನು ಹೋಟೆಲಿನಲ್ಲಿ ಬಡಿಸುತ್ತಿದ್ದಾಗ ನನ್ನ ಮಗಳು ಕೊರಿನ್ ಹಗಲೆಲ್ಲ ಅವಳ ಮನೆಯಲ್ಲೇ ಇರುತ್ತಿದ್ದಳು. ಮೂರು ವರ್ಷದ ಕೂಸು ಸಂಜೆ ಕಾರು ಹತ್ತಿದ್ದೇ ಸೀಟಿನ ಸಂದಿಯಲ್ಲಿ ಬಿದ್ದ ಬಿಸ್ಕತ್ತಿನ ಚೂರು ಹೆಕ್ಕಿ ತಿನ್ನುತ್ತಿತ್ತು. ಕೇಳಿದ್ದಕ್ಕೆ ವರ್ನಾ, "ನಿನ್ ಮಗಳ ಹೊಟ್ಟೇಲಿ ಹುಳ ಇರ್ಬೇಕು ಮಾರ್ಲಿಸ್, ಎಷ್ಟು ಹಾಕಿದ್ರೂ ಸಾಲಲ್ಲ" ಎಂದಳು. ಆಮೇಲೆ ನಾನೇ ಮಗುವನ್ನು ಉಪವಾಸ ಕೆಡವುತ್ತೇನೆಂದು ಚರ್ಚಿನಲ್ಲೆಲ್ಲ ಹಬ್ಬಿಸಿದಳು. ಮಕ್ಕಳ ಇಲಾಖೆಯವರು ಮನೆಗೆ ಬಂದು ನನ್ನ ಫ್ರಿಜ್ಜಿನ ಮೊಟ್ಟೆ ಎಣಿಸಿಹೋದರು.

ಹಳೆಯ ಜಗಳವಿದ್ದ ಮನೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕೆಂಬುದು ಕಚೇರಿಯ ನಿಯಮ. ನಾನು ತುಟಿ ಬಿಚ್ಚಲಿಲ್ಲ.

ಹನ್ನೊಂದೂವರೆಗೆ, ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಿದೆ. "ತೆಗ್ದೇ ಇದೆ, ಬನ್ನಿ!" ಎಂದು ಒಳಗಿನಿಂದ ಕೂಗಿದಳು. ಹೋಗಿ ನೋಡಿದರೆ ಹಾಲಿನ ಜಗ್ಗನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಾಳೆ! ಗೋಡೆಯ ಊಟದ ಪಟ್ಟಿಯಲ್ಲಿ ಕೋಳಿ, ಬೀನ್ಸ್, ಪೀಚ್ ಹಣ್ಣು. ತಟ್ಟೆಗಳಲ್ಲಿ ಬರೀ ಬೇಯಿಸಿದ ನೂಡಲ್ಸ್. ಲೆಕ್ಕದ ಪುಸ್ತಕದಲ್ಲಿ ಎಂಟು ಮಕ್ಕಳ ಊಟ ಆಗಲೇ ಗುರುತಾಗಿತ್ತು. ಮೇಜಿನ ಸುತ್ತ ಇದ್ದವರು ಐವರು.

"ಇನ್ನು ಮೂರು ಮಕ್ಳೆಲ್ಲಿ?"

"ಜ್ವರ ಅಂತ ಮನೇಲಿದಾವೆ."

"ಮನೇಲಿದ್ಕೊಂಡೇ ಇಲ್ಲಿ ಊಟ ಮಾಡಿದ್ವಾ?"

ಆಗಷ್ಟೇ ಅವಳು ನಲ್ಲಿಯಿಂದ ತಿರುಗಿ ನನ್ನ ಮುಖ ನೋಡಿದಳು. "ಓ, ನೀನಾ! ಹಳೇ ಸೇಡು ತೀರಿಸ್ಕೊಳ್ಳೋಕೆ ಬಂದಿದೀಯ."

"ಹೌದು. ಆ ಜಗ್ ಚೆಲ್ಬೇಡ. ಫೋಟೋ ತೆಗೀಬೇಕು."

ಗಂಭೀರ ಉಲ್ಲಂಘನೆಯೆಂದು ಅವಳಿಗೆ ನೋಟಿಸು ಹೋಯಿತು. ತಿದ್ದಿಕೊಳ್ಳಲು ಒಂದು ತಿಂಗಳ ಗಡುವೂ ಸಿಕ್ಕಿತು. ಅವಳು ಸುಮ್ಮನಿರದೆ ಹಳೆಯ ಜಗಳ ಎತ್ತಿ ನನ್ನ ಮೇಲೇ ದೂರು ಕೊಟ್ಟಳು. ನಮ್ಮ ಮೇಲಧಿಕಾರಿ ಡಾಯ್ಲ್, "ಇದನ್ನ ಮೊದ್ಲೇ ಹೇಳ್ಬೇಕಿತ್ತು ಕಣಮ್ಮ" ಎಂದು ಗದರಿ, ಆ ಮನೆಯನ್ನು ಇಂಗ್ರಿಡ್ ಎಂಬ ಬೇರೆ ಊರಿನ ಸಹೋದ್ಯೋಗಿಗೆ ಒಪ್ಪಿಸಿದ. ವರ್ನಾ ಎಲ್ಲಿ ತಿದ್ದಿಕೊಂಡುಬಿಡುತ್ತಾಳೋ ಎಂದು ಆ ತಿಂಗಳು ನನಗೆ ಅನ್ನ ಸೇರಲಿಲ್ಲ. ಅವಳು ತಿದ್ದಿಕೊಳ್ಳಲಿಲ್ಲ. ಇಂಗ್ರಿಡ್ ಹೋದಾಗಲೂ ಅದೇ ತೆಳ್ಳನೆ ಹಾಲು, ಅದೇ ಸುಳ್ಳು ಲೆಕ್ಕ.

ಊಟದ ಯೋಜನೆಯಿಂದ ಅವಳನ್ನು ತೆಗೆಯಲು ಕಚೇರಿ ಹೊರಟಾಗ ಅವಳು ಮೇಲ್ಮನವಿ ಹಾಕಿದಳು. ಅದರ ವಿಚಾರಣೆಯಲ್ಲಿ ವರ್ನಾ, "ಮಾರ್ಲಿಸ್‌ಗೆ ನನ್ನ ಕಂಡ್ರೆ ಆಗಲ್ಲ ಸರ್" ಎಂದು ಗೋಳಿಟ್ಟಳು.

"ಇರಬಹುದಮ್ಮ. ಇಂಗ್ರಿಡ್‌ಗೆ ನೀವ್ಯಾರು ಅಂತಾನೇ ಗೊತ್ತಿರ್ಲಿಲ್ವಲ್ಲ?" ಎಂದ ವಿಚಾರಣೆಯ ಅಧಿಕಾರಿ.

ಏಳು ವರ್ಷ ಅವಳು ಈ ಯೋಜನೆಯ ಹತ್ತಿರ ಸುಳಿಯುವಂತಿಲ್ಲ ಎಂದಾಯಿತು. ಮಕ್ಕಳೆಲ್ಲ ಬೇರೆ ಮನೆಗಳಿಗೆ ಹೋದವು. ನನಗೂ ಛೀಮಾರಿಯ ಪತ್ರ ಬಂತು, ದೂರದ ಊರುಗಳ ತಿರುಗಾಟ ಗಂಟುಬಿತ್ತು.

ತೀರ್ಪಿನ ದಿನ ವರ್ನಾ ಕಚೇರಿಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಕನಿಕರ ಹುಟ್ಟೀತೇನೋ ಎಂದು ಒಂದು ಗಳಿಗೆ ನಿಂತು ನೋಡಿದೆ. ಹುಟ್ಟಲಿಲ್ಲ.